ಉಪ್ಪಿನಕಾಯಿ ಜಾಡಿಯ ಮೇಲಿನ ದರ್ಭೆ

ಮನುಷ್ಯನಿಗೆ ಹೆಮ್ಮೆಪಡಲು ಏನಾದರೊಂದು ಬೇಕು. ಕೆಲವರಿಗೆ ಜಮೀನಿರುತ್ತದೆ, ಕೆಲವರಿಗೆ ಸಂಗೀತ ಬರುತ್ತದೆ. ಮುಳಬಾಗಿಲಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನಗೆ ಇವೆರಡೂ ಇರಲಿಲ್ಲ. ಇದ್ದದ್ದು ನಮ್ಮ ಮನೆಯ ಶಾಸ್ತ್ರ. "ಆಚಾರ ಅಂದ್ರೆ ಅವರ ಮನೇದು ಕಣಯ್ಯ" ಎಂದು ಬೀದಿಯಲ್ಲಿ ಯಾರಾದರೂ ಅಂದರೆ, ಪೂರ್ತಿ ಕೇಳಿಸಿಕೊಳ್ಳಲೆಂದೇ ನಿಂತು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದೆ.

ಆ ಆಚಾರವನ್ನು ನಡೆಸುತ್ತಿದ್ದವರು ನನ್ನ ಸೋದರತ್ತೆ ವೆಂಕಮ್ಮ. ಅವರನ್ನು ಕೊಟ್ಟಿದ್ದು ಗೌನಿಪಲ್ಲಿಗೆ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದು, ತಾಯಿಯಿಲ್ಲದ ನನ್ನನ್ನು ಸಾಕಿ, ಮದುವೆ ಮಾಡಿಸಿ, ಇನ್ನೂ ಬೈಯುತ್ತಲೇ ಇದ್ದರು. ಕೋಪ ಏರಿದರೆ ಬೈಗುಳ ತೆಲುಗಿಗೆ ತಿರುಗುತ್ತಿತ್ತು. ಗ್ರಹಣ ಬಂತೆಂದರೆ ಅವರದೇ ದರ್ಬಾರು. ಬೇಯಿಸಿದ್ದನ್ನೆಲ್ಲ ಚೆಲ್ಲಬೇಕು, ಕೊಡದ ನೀರು ಸುರಿಯಬೇಕು. ಆದರೆ ಗೌನಿಪಲ್ಲಿಯಿಂದ ಮೈದುನ ಕಳಿಸುವ ಮಾವಿನಕಾಯಿಯ ಉಪ್ಪಿನಕಾಯಿ ಜಾಡಿಯ ಮೇಲೆ ಮಾತ್ರ ಒಂದೆಳೆ ದರ್ಭೆ ಇಡುತ್ತಿದ್ದರು. ದರ್ಭೆ ಇದ್ದಲ್ಲಿಗೆ ಗ್ರಹಣದ ದೋಷ ಬರುವುದಿಲ್ಲ. ಹಿಂದಿನ ದಿನದ ಸಾರಿಗೆ ದರ್ಭೆ ಏಕಿಲ್ಲ ಎಂದು ನಾನೆಂದೂ ಕೇಳಲಿಲ್ಲ. ಆಮೇಲೆ ತುಪ್ಪಕ್ಕೆ ಬಂತು, ಹಾಲಿಗೆ ಬಂತು, ಮೊಸರಿಗೆ ಬಂತು. ಯುದ್ಧ ಶುರುವಾಗಿ ಕಾಫಿಪುಡಿ ಸಿಗುವುದೇ ಕಷ್ಟವಾದಾಗ ಡಿಕಾಕ್ಷನ್ ಪಾತ್ರೆಯ ಮೇಲೂ ಒಂದೆಳೆ ಕಂಡೆ. ನಮ್ಮ ಋಷಿಗಳಿಗೆ ಕಾಫಿಯ ವಿಷಯ ಗೊತ್ತಿತ್ತೇ ಎಂಬ ಯೋಚನೆ ಬಂತು. ಲೋಟ ಕೈಗೆ ಬಂದ ಮೇಲೆ ಹೋಯಿತು.

ಆ ವರ್ಷದ ಸೂರ್ಯಗ್ರಹಣಕ್ಕೆ ನನ್ನ ಹೆಂಡತಿ ಪದ್ಮ ತುಂಬು ಬಸುರಿ. ಬಸುರಿ ಹೆಂಗಸು ಕತ್ತಲೆ ಕೋಣೆ ಬಿಟ್ಟು ಬರಬಾರದು, ಗ್ರಹಣ ಬಿಡುವವರೆಗೆ ಏನೂ ತಿನ್ನಬಾರದು. ಬೆಳಗಿನಿಂದ ಉಪವಾಸವಿದ್ದವಳು ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ, "ರೀ, ತಲೆ ಸುತ್ತುತ್ತೆ ಕಣ್ರೀ" ಎಂದಳು. ನಾನು ಕೋಣೆಯತ್ತ ಹೊರಟೆ. ಆದರೆ ಜಗುಲಿಯ ಮೇಲೆ ಪಕ್ಕದ ಮನೆಯ ಶ್ಯಾನುಭೋಗರು ಕೂತಿದ್ದರು. ಅವರ ಸೊಸೆಯೂ ಬಸುರಿ. ಅವಳೂ ಹೀಗೆಯೇ ಕೋಣೆಯಲ್ಲಿದ್ದಳು. ಅವರಿಗೆ ಕೇಳಿಸುವಂತೆ, "ನಮ್ಮ ಮನೇಲಿ ಶಾಸ್ತ್ರ ಅಂದ್ರೆ ಶಾಸ್ತ್ರ. ಇನ್ನೊಂಚೂರು ತಡ್ಕೋ" ಎಂದೆ.

ಅತ್ತೆ ಅಡುಗೆಮನೆಯಿಂದ ಬಂದರು. ಒಂದು ಕೈಯಲ್ಲಿ ಮೊಸರವಲಕ್ಕಿಯ ಬಟ್ಟಲು, ಇನ್ನೊಂದರಲ್ಲಿ ಉಪ್ಪಿನಕಾಯಿ ಜಾಡಿಯ ದರ್ಭೆ. ನೇರವಾಗಿ ಕೋಣೆಗೆ ಹೋಗಿ ದರ್ಭೆಯನ್ನು ಪದ್ಮಳ ಮುಡಿಗೆ ಸಿಕ್ಕಿಸಿ, "ತಿನ್ನಮ್ಮ" ಎಂದರು.

"ಅತ್ತೇ, ಶಾಸ್ತ್ರ..." ಎಂದೆ.

"ನೋರು ಮುಯ್ಯರಾ!" ಎಂದು ನನ್ನ ಬಾಯಿ ಮುಚ್ಚಿಸಿದರು. "ಜಾಡೀಲಿರೋ ಮಾವಿನಕಾಯಿ ಕಾಯೋ ದರ್ಭೆ ನನ್ನ ಸೊಸೇನ ಕಾಯಲ್ವೇನೋ? ನಮ್ಮ ಹುಡುಗಿ ಉಪ್ಪಿನಕಾಯಿಗಿಂತ ಕಡೇನಾ?"

ಶ್ಯಾನುಭೋಗರು ಎದ್ದು ನಿಂತರು. ಇಷ್ಟು ವರ್ಷದ ಮಾನ ಬೀದಿಪಾಲಾಯಿತು ಎಂದುಕೊಂಡೆ. ಅವರು ಬಾಗಿಲಿಗೆ ಬಂದು, ತಗ್ಗಿದ ದನಿಯಲ್ಲಿ, "ವೆಂಕಮ್ಮನೋರೇ, ನಮ್ಮ ಸೊಸೆಗೂ ಒಂದೆಳೆ ಕೊಡಿ" ಎಂದರು.

ಒಳಗೆ ಪದ್ಮ ತಿನ್ನುವ ಸದ್ದು ಕೇಳಿ ನನ್ನ ಕಣ್ಣು ಒದ್ದೆಯಾಯಿತು. ಇಂಥ ಅತ್ತೆ ನಮ್ಮ ಮನೆಯವರು ಎಂದು ಆವತ್ತು ಪಟ್ಟಷ್ಟು ಹೆಮ್ಮೆಯನ್ನು ನಾನು ಮತ್ತೆಂದೂ ಪಟ್ಟಿಲ್ಲ. ಆ ಹೆಮ್ಮೆಯ ಭರದಲ್ಲಿ, ಹಸಿವೂ ಇತ್ತೆನ್ನಿ, ನಾನೂ ಒಂದು ದರ್ಭೆಯನ್ನು ಜುಟ್ಟಿಗೆ ಸಿಕ್ಕಿಸಿಕೊಂಡು ಅವಲಕ್ಕಿ ಪಾತ್ರೆಯತ್ತ ಕೈಚಾಚಿದೆ.

ಅತ್ತೆ ಅದನ್ನು ಜುಟ್ಟಿನಿಂದ ಕಿತ್ತುಕೊಂಡರು. "ನಿನ್ನ ತಲೆಗ್ಯಾಕೋ ದರ್ಭೆ? ಕೆಡೋಕೆ ಒಳಗೆ ಏನಾದ್ರೂ ಇರ್ಬೇಕಲ್ವಾ!"