ಕೋಪಕ್ಕೊಂದು ಕೆಂಪು ದೀಪ

ಆ ಭಾನುವಾರದ ರಂಪಕ್ಕೆಲ್ಲ ಮೂಲ, ಮೆಟ್ಟಿಲ ಪಕ್ಕದ ಗೋಡೆಗೆ ಅಂಟಿಸಿದ್ದ ಅಂಗೈ ಅಗಲದ ಒಂದು ಚೀಟಿ. "ಇಂದು ಸಂಜೆ ಐದಕ್ಕೆ ನಿವಾಸಿಗಳ ಸಭೆ. ವಿಷಯ: ತಾರಸಿ ಮೇಲಿನ ಕೋಣೆಯನ್ನು ಸಂಘದ ಸಾಮಾನು ಇಡಲು ತೆಗೆದುಕೊಳ್ಳುವುದು."

ಹಾಲು ತರಲೆಂದು ಇಳಿದಿದ್ದ ಸಿಡುಕಪ್ಪ ಅದನ್ನು ಓದಿ, ಹಾಲು ಮರೆತು, ನಾಲ್ಕು ಮಹಡಿಯನ್ನೂ ದಡದಡನೆ ಹತ್ತಿ ಬಂದ. ಸಿಡುಕಪ್ಪ ಅವನ ಹೆಸರಲ್ಲ. ಕಟ್ಟಡದವರು ಅವನ ಬೆನ್ನ ಹಿಂದೆ ಕರೆಯುವುದು ಹಾಗೆ. ಮುಂದೆ ನಿಂತು ಕರೆಯುವ ಧೈರ್ಯ ಯಾರಿಗಿದೆ?

"ಹಾಳಾದ ಸಂಘ! ಸಂಘಕ್ಕಿರೋ ಸಾಮಾನಾದ್ರೂ ಏನೇ? ಮುರಿದ ಎರಡು ಕುರ್ಚಿ, ತುಕ್ಕು ಹಿಡಿದ ಒಂದು ಏಣಿ! ಅದಕ್ಕೆ ನನ್ನ ಕೋಣೆ ಬೇಕಾ?"

ಕೋಣೆ ಎಂದರೆ ಮೂರು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲ. ಆದರೆ ಎಂಟು ವರ್ಷಗಳಿಂದ ಅವನ ಜೀವ ಇದ್ದದ್ದು ಅಲ್ಲೇ. ಕಚೇರಿಯಲ್ಲಿ ಅವನದು ನಕ್ಷೆ ಬರೆಯುವ ಕೆಲಸ. ಅವನೆಳೆದ ಒಂದೊಂದು ಗೆರೆಯನ್ನೂ ಮೂವರು ಸಾಹೇಬರು ತಿದ್ದುತ್ತಾರೆ. ಬೆಸುಗೆ ಕಡ್ಡಿ, ತಂತಿಯ ಸುರುಳಿ, ಹೊಟ್ಟೆ ಬಗೆದ ರೇಡಿಯೊಗಳ ನಡುವೆ ಅವನನ್ನು ತಿದ್ದುವವರೇ ಇರಲಿಲ್ಲ. ಅಂಥ ಜಾಗ ಹೋಗುತ್ತದೆಂದರೆ ಯಾರಿಗೆ ತಾನೇ ಸಿಟ್ಟು ಬಾರದು?

"ಕೂಗಿ, ಕೂಗಿ," ಎಂದಳು ಹೆಂಡತಿ. "ಹೋದ ಸಲದ ಸಭೇಲಿ ನೀವು ಹೇಳಿದ್ದೆಲ್ಲ ಸರಿಯಾಗೇ ಇತ್ತು. ಆದ್ರೆ ಮೇಜು ಗುದ್ದಿದ್ರಲ್ಲ, ಜನಕ್ಕೆ ನೆನಪಿರೋದು ಅದೊಂದೇ. ಕೋಪ ಬಂದಾಗ ಒಂದು ನಿಮಿಷ ಬಾಯಿ ಮುಚ್ಚಿರಿ. ಆಮೇಲೆ ಮಾತಾಡಿ."

"ಒಂದು ನಿಮಿಷ ಆಯ್ತು ಅಂತ ನನಗೆ ಹೇಳೋರು ಯಾರು? ಕೋಪ ಬಂದಾಗ ಗಡಿಯಾರ ನೋಡ್ತಾ ಕೂರ್ಲಾ?" ಎಂದು ಗದರಿದವನು ತಟಕ್ಕನೆ ನಿಂತ. ಹೇಳುವುದಕ್ಕೆ ಒಂದು ಯಂತ್ರವನ್ನೇ ಮಾಡಿದರಾಯಿತಲ್ಲ! "ಗುಂಡಿ ಒತ್ತಿದ್ರೆ ದೀಪ ಹತ್ತುತ್ತೆ, ಒಂದು ನಿಮಿಷಕ್ಕೆ ತಾನಾಗೇ ಆರುತ್ತೆ. ಆಮೇಲೆ ಮಾತಾಡ್ತೀನಿ," ಎಂದ.

ಹೆಂಡತಿ ಒಪ್ಪಿದಳು. ಜೊತೆಗೊಂದು ಷರತ್ತನ್ನೂ ಹಾಕಿದಳು. "ದೀಪ ಉರೀತಿರುವಾಗ ನೀವೇನಾದ್ರೂ ತುಟಿ ಬಿಚ್ಚಿದ್ರೆ, ನಾನೇ ಎದ್ದು ನಿಂತು ಕೋಣೆ ತಗೊಂಡುಬಿಡಿ ಅಂತೀನಿ. ನೋಡ್ತಿರಿ."

ಅವಳು ಹೇಳಿದರೆ ಮಾಡುವವಳೇ. ಸಿಡುಕಪ್ಪ ತಾರಸಿಗೆ ಹೋಗಿ ಕೆಲಸಕ್ಕೆ ಕೂತ.

ಸರ್ಕ್ಯೂಟ್ ಬಲು ಸರಳ. ಎಂಟು ಕಾಲಿನ ಒಂದು ಚಿಪ್, ಒಂದು ಬ್ಯಾಟರಿ, ಒತ್ತುವ ಗುಂಡಿ, ಕೆಂಪು ದೀಪ. ಕಾಲವನ್ನು ಅಳೆಯುವುದು ಮಾತ್ರ ಎರಡು ಬಿಡಿಭಾಗಗಳು. ಕೆಪಾಸಿಟರ್ ಒಂದು ಚೊಂಬು ಎಂದುಕೊಂಡರೆ, ರೆಸಿಸ್ಟರ್ ಅದಕ್ಕೆ ತೊಟ್ಟಿಕ್ಕುವ ನಲ್ಲಿ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಚೊಂಬು ತುಂಬಿದಾಗ ಆರುತ್ತದೆ. ಚೊಂಬು ದೊಡ್ಡದಾದಷ್ಟೂ ಹೊತ್ತು ಹೆಚ್ಚು. ಲೆಕ್ಕ ಹಾಕಿ ನಲವತ್ತೇಳರ ಅಳತೆಯ ಕೆಪಾಸಿಟರ್ ಹಾಕಿದ. ಎಲ್ಲವನ್ನೂ ಸೋಪಿನ ಡಬ್ಬಿಯೊಳಗೆ ಕೂರಿಸಿ, ಮಧ್ಯಾಹ್ನದ ಹೊತ್ತಿಗೆ ಪರೀಕ್ಷೆ ಮಾಡಿದ. ಸರಿಯಾಗಿ ಐವತ್ತೆಂಟು ಸೆಕೆಂಡಿಗೆ ದೀಪ ಆರಿತು. ಆ ದಿನ ಅವನು ನಕ್ಕದ್ದು ಅದೊಂದೇ ಸಲ.

ಮನೆಗಿಳಿದು ಊಟ, ನಿದ್ದೆ ಮುಗಿಸಿ, ನಾಲ್ಕರ ಹೊತ್ತಿಗೆ ಡಬ್ಬಿ ಹಿಡಿದು ಹೊರಗೆ ಬರುವಷ್ಟರಲ್ಲಿ ಎದುರುಮನೆಯ ನಿವೃತ್ತ ರೈಲ್ವೆ ಗಾರ್ಡು ಅಡ್ಡ ಬಂದರು. ಯಾರ ಕೈಯಲ್ಲಿ ಏನಿದ್ದರೂ ಅವರಿಗೆ ಮುಟ್ಟಿ ನೋಡಬೇಕು.

"ಏನಪ್ಪಾ ಇದು, ಬಾಂಬಾ?" ಎಂದು ಕಸಿದುಕೊಂಡು, ಕಿವಿಗೆ ಹಿಡಿದು ಅಲ್ಲಾಡಿಸಿದರು. ಡಬ್ಬಿ ಜಾರಿ ಎರಡು ಮೆಟ್ಟಿಲು ಉರುಳಿತು. ಕೆಪಾಸಿಟರಿನ ಒಂದು ಕಾಲು ಬುಡದಲ್ಲೇ ಮುರಿಯಿತು.

"ಅಯ್ಯೋ, ಇಷ್ಟೇನಾ! ನಮ್ಮ ಕಾಲದ ಸಾಮಾನು ಓಡೋ ರೈಲಿಂದ ಬಿದ್ರೂ ಏನೂ ಆಗ್ತಿರ್ಲಿಲ್ಲ."

ಆ ಮನುಷ್ಯನನ್ನೇ ಓಡುವ ರೈಲಿಂದ ಎಸೆಯಬೇಕು ಎನ್ನಿಸಿತು ಸಿಡುಕಪ್ಪನಿಗೆ. ಹಲ್ಲು ಕಚ್ಚಿಕೊಂಡು ಮತ್ತೆ ತಾರಸಿಗೆ ಹತ್ತಿದ. ಅಲ್ಲಿ ಹೆಂಡತಿಯ ತಮ್ಮ ನೆಲದ ಮೇಲೆ ಕೂತು, ಬಿಡಿಭಾಗಗಳ ಡಬ್ಬಿಗಳನ್ನೆಲ್ಲ ಸುತ್ತ ಹರಡಿಕೊಂಡಿದ್ದ.

"ಭಾವ, ಸಭೆಯವರು ಕೋಣೆ ನೋಡೋಕೆ ಬಂದ್ರೆ ಲಕ್ಷಣವಾಗಿರ್ಲಿ ಅಂತ ಎಲ್ಲಾ ಜೋಡಿಸಿಬಿಟ್ಟೆ. ನೀಲಿ ಒಂದು ಕಡೆ, ಕಪ್ಪು ಒಂದು ಕಡೆ. ಹೇಗಿದೆ?"

"ಬಣ್ಣದ ಪ್ರಕಾರ ಜೋಡಿಸಿದ್ಯಾ? ಎಂಟು ವರ್ಷ ಕಣೋ! ಎಂಟು ವರ್ಷ ಒಂದೊಂದನ್ನೂ ಅಳತೆ ನೋಡಿ ಬೇರೆ ಬೇರೆ ಇಟ್ಟಿದ್ದೆ! ಇವು ಕೆಪಾಸಿಟರ್ ಕಣೋ, ಬಳೆ ಅಲ್ಲ!"

ಬಾಮೈದ ಮುಖ ಊದಿಸಿಕೊಂಡು ಕೆಳಗಿಳಿದ. ಸಿಡುಕಪ್ಪ ಕಪ್ಪು ರಾಶಿಯನ್ನು ಕೆದಕಿದ, ನೀಲಿ ರಾಶಿಯನ್ನು ಕೆದಕಿದ, ಎಲ್ಲರಿಗೂ ಶಾಪ ಹಾಕಿದ. ಕೊನೆಗೊಂದು ನಲವತ್ತೇಳು ಸಿಗುವಷ್ಟರಲ್ಲಿ ಐದಕ್ಕೆ ಹತ್ತು ನಿಮಿಷ. ಆತುರಾತುರವಾಗಿ ಬೆಸುಗೆ ಹಾಕಿದ. "ಬರ್ತೀರೋ ಇಲ್ವೋ?" ಎಂದು ಹೆಂಡತಿ ಕೂಗಿದಳು. ಇನ್ನೊಮ್ಮೆ ಪರೀಕ್ಷೆ ಮಾಡಲು ಹೊತ್ತಿರಲಿಲ್ಲ.

ವಾಹನ ನಿಲ್ಲಿಸುವ ಜಾಗದಲ್ಲಿ ಮೇಜು, ಕುರ್ಚಿ ಹಾಕಿ ಸಭೆ ಸೇರಿತ್ತು. ಸಂಘದ ಕಾರ್ಯದರ್ಶಿ ತಮ್ಮ ಉದ್ದನೆಯ ಪುಸ್ತಕ ಬಿಚ್ಚಿದರು. "ತಾರಸಿ ಕೋಣೇಲಿ ಯಾರದೋ ಒಂದಿಷ್ಟು ಗುಜರಿ ಬಿದ್ದಿದೆಯಂತೆ..."

ಗುಜರಿ! ಸಿಡುಕಪ್ಪನ ಕಿವಿ ಕೆಂಪಾಯಿತು, ಮುಷ್ಟಿ ಮೇಜಿನತ್ತ ಹೊರಟಿತು. ಹೆಂಡತಿ ಮೊಣಕೈಯಿಂದ ತಿವಿದಳು. ಅವನು ಗುಂಡಿ ಒತ್ತಿದ. ದೀಪ ಹತ್ತಿತು.

ಸಭೆಗೆ ಸಭೆಯೇ ಅವನತ್ತ ತಿರುಗಿತು. ಈಗ ಸಿಡಿಯುತ್ತಾನೆ, ಈಗ ಸಿಡಿಯುತ್ತಾನೆ ಎಂದು ಕಾದರು. ಅವನು ತುಟಿ ಬಿಗಿದು ಡಬ್ಬಿಯನ್ನೇ ನೋಡುತ್ತಿದ್ದ. ಕಾರ್ಯದರ್ಶಿಗಳಿಗೆ ಗಾಬರಿಯೇ ಆಯಿತು.

"ಯಾರದಾದ್ರೂ ವಿರೋಧ ಇದ್ಯಾ? ಇದ್ರೆ ಬಾಯಿಬಿಟ್ಟು ಹೇಳ್ಬೇಕು."

ಸಿಡುಕಪ್ಪ ಮನಸ್ಸಿನಲ್ಲೇ ಎಣಿಸುತ್ತಿದ್ದ. ಐವತ್ತೆಂಟು ಆಯಿತು. ಎಂಬತ್ತಾಯಿತು. ನೂರಿಪ್ಪತ್ತಾಯಿತು. ದೀಪ ಧಗಧಗ ಉರಿಯುತ್ತಲೇ ಇತ್ತು. ಹೆಂಡತಿಯತ್ತ ತಿರುಗಿ ಕಣ್ಣಲ್ಲೇ ಬೇಡಿದ.

"ತಡ್ಕೊಳ್ಳಿ," ಎಂದು ಅವಳು ಪಿಸುಗುಟ್ಟಿದಳು. "ಇನ್ನೂ ಒಂದು ನಿಮಿಷ ಆಗಿಲ್ಲ. ದೀಪ ಸುಳ್ಳು ಹೇಳುತ್ತಾ? ನೀವೇ ಮಾಡಿದ್ದಲ್ವಾ?"

ಡಬ್ಬಿಯನ್ನು ತಿರುಗಿಸಿ ಒಳಗೆ ಇಣುಕಿದ. ಕೆಪಾಸಿಟರಿನ ಮೈಮೇಲೆ ನಲವತ್ತೇಳು ಎಂದಿತ್ತು. ಅದರ ಉರುಟು ಮೈಯ ಆಚೆ ಬದಿಯಲ್ಲಿ, ಬೆಳಿಗ್ಗೆಯಾಗಿದ್ದರೆ ಖಂಡಿತ ನೋಡುತ್ತಿದ್ದಂಥ ಜಾಗದಲ್ಲಿ, ಒಂದು ಸೊನ್ನೆಯೂ ಇತ್ತು. ನಾನೂರ ಎಪ್ಪತ್ತು. ಚೊಂಬಿನ ಜಾಗದಲ್ಲಿ ಹಂಡೆ ಕೂರಿಸಿದ್ದ. ಒಂದು ನಿಮಿಷದ ದೀಪ ಹತ್ತು ನಿಮಿಷ ಉರಿಯಲಿತ್ತು.

"ಎರಡನೇ ಸಲ ಕೇಳ್ತಿದ್ದೀನಿ. ವಿರೋಧ ಇದ್ಯಾ?" ಎಂದರು ಕಾರ್ಯದರ್ಶಿ. ಅವರ ದನಿಯಲ್ಲಿ ಅಂಗಲಾಚಿಕೆ ಇತ್ತು.

ಸಿಡುಕಪ್ಪ ದೀಪ ತೋರಿಸಿದ, ಬಾಯಿ ತೋರಿಸಿದ, ತಲೆ ಅಲ್ಲಾಡಿಸಿದ.

"ಪಾಪ, ಹಲ್ಲುನೋವು," ಎಂದರು ಗಾರ್ಡು.

"ಮೂರನೇ ಸಲ... ಆಯ್ತು. ಹಲ್ಲುನೋವಿದ್ರೂ ಬಂದು ಸಹಕಾರ ಕೊಟ್ಟಿದ್ದಾರೆ. ಎಲ್ಲಾ ಚಪ್ಪಾಳೆ ತಟ್ಟಿ!"

ಚಪ್ಪಾಳೆ ಜೋರಾಗಿಯೇ ಬಿತ್ತು. "ಸಾಮಾನು ನಾನೇ ಇಳಿಸ್ತೀನಿ, ಎಲ್ಲೆಲ್ಲಿ ಏನಿದೆ ಅಂತ ನನಗೆ ಗೊತ್ತು," ಎಂದ ಬಾಮೈದ. ಮುರಿದ ಕುರ್ಚಿ ಎರಡೂ ಆಗಲೇ ಮೆಟ್ಟಿಲು ಹತ್ತತೊಡಗಿದವು.

ದೀಪ ಆರುವ ಹೊತ್ತಿಗೆ ಜನ ಚದುರಿದ್ದರು. ಸಿಡುಕಪ್ಪ ಒಂದೇ ಜಿಗಿತಕ್ಕೆ ಕಾರ್ಯದರ್ಶಿಗಳ ಮುಂದೆ ನಿಂತು, ಕಟ್ಟಡವೇ ಅದುರುವಂತೆ ಅಬ್ಬರಿಸಿದ. "ನಂದು ವಿರೋಧ ಇದೆ!"

"ಈಗ ಹೇಳಿ ಏನು ಪ್ರಯೋಜನ ಸಾರ್?" ಕಾರ್ಯದರ್ಶಿಗಳಿಗೂ ಸಿಟ್ಟು ಬಂದಿತ್ತು. "ಕೋಣೆ ತಗೊಳ್ಳಿ ಅಂತ ಕೆಳಗಿನ ಮನೆಯವರು ಕೊಡೋ ಕಾಟ ತಡೀಲಾರದೆ ಈ ವಿಷಯ ಇಟ್ಟಿದ್ದೆ, ಅಷ್ಟೆ. ಒಬ್ಬರು ಬೇಡ ಅಂದ್ರೂ ಬಿಡ್ಬೇಕು ಅಂತ ನಿಯಮ. ನೀವು ಇದ್ದೀರಲ್ಲ, ಕೂಗೇ ಕೂಗ್ತೀರಿ ಅಂತ ಧೈರ್ಯವಾಗಿದ್ದೆ. ನಿಮ್ಮನ್ನ ನಂಬಿ ಬೆಳಿಗ್ಗೇನೇ ನಡಾವಳಿ ಬರೆದಿಟ್ಟಿದ್ದೆ. ಈಗ ನೋಡಿ, ಇಡೀ ಪುಟ ಹೊಡೆದು ಹಾಕ್ಬೇಕಾಯ್ತು!"

ಪುಸ್ತಕವನ್ನು ಅವನ ಮೂಗಿಗೆ ಹಿಡಿದರು. ಅಡ್ಡಗೆರೆಯ ಕೆಳಗೆ ದುಂಡಗಿನ ಅಕ್ಷರಗಳು ಇನ್ನೂ ಚೆನ್ನಾಗಿ ಕಾಣುತ್ತಿದ್ದವು: "ನಾಲ್ಕನೇ ಮಹಡಿಯವರು ಎಂದಿನಂತೆ ಮೇಜು ಗುದ್ದಿ ಕೂಗಾಡಿದ್ದರಿಂದ, ಕೋಣೆಯನ್ನು ಅವರಿಗೇ ಬಿಟ್ಟುಕೊಟ್ಟು, ಈ ವಿಷಯವನ್ನು ಶಾಶ್ವತವಾಗಿ ಕೈಬಿಡಲಾಯಿತು."

ಸಿಡುಕಪ್ಪ ಎರಡು ಸಲ ಓದಿದ. ಅವನ ಕತ್ತಿನ ನರ ಉಬ್ಬಿತು, ಎದೆ ತುಂಬ ಉಸಿರು ಎಳೆದುಕೊಂಡ, ಬಾಯಿ ತೆರೆದ.

ಹೆಂಡತಿ ಕೈಚಾಚಿ ಗುಂಡಿ ಒತ್ತಿದಳು.