ಬಾಗಿಲಿಲ್ಲದ ಮೂರು ಚಕ್ರದ ಗಾಡಿ

ಕಾರಿನವರು ಸಿಗ್ನಲ್‌ನಲ್ಲಿ ನಿಂತರೆ ಹಸಿರು ದೀಪ ಕಾಯುತ್ತಾರೆ. ನಾನು ನಿಂತರೆ ಪಕ್ಕದ ಕಾರಿನ ಕಿಟಕಿ ಇಳಿಯುತ್ತದೆ, ಒಂದು ತಲೆ ಹೊರಗೆ ಬರುತ್ತದೆ, ಏನೋ ಒಂದು ಶುರುವಾಗುತ್ತದೆ. ಗಾಡಿ ತಗೊಂಡಾಗಿನಿಂದ ಹೀಗೇ.

ಗಾಡಿ ಅಂದರೆ ಮುಂದೆ ಎರಡು ಚಕ್ರ, ಹಿಂದೆ ಒಂದೇ ಒಂದು. ಅಕ್ಕಪಕ್ಕ ಎರಡು ಸೀಟು. ಸ್ಟಿಯರಿಂಗ್ ಇದೆ, ಸೀಟ್ ಬೆಲ್ಟ್ ಇದೆ. ಮೇಲೆ ಟಾಪ್ ಇಲ್ಲ, ಪಕ್ಕದಲ್ಲಿ ಬಾಗಿಲಿಲ್ಲ. ಬಣ್ಣ ಕೆಂಪು. ಅಮೆರಿಕದ ಫ್ಲವರ್ ಮೌಂಡ್ ಅನ್ನೋ ಊರಲ್ಲಿ ಮನೆ, ಹತ್ತಿರದ ಫಾರ್ಮರ್ಸ್ ಬ್ರಾಂಚ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ವಯಸ್ಸು ಐವತ್ತು ದಾಟಿದೆ. ಇಂಥವಳು ಇದನ್ನ ಯಾಕೆ ತಗೊಂಡೆ ಅಂತ ಎಲ್ಲರೂ ಕೇಳುತ್ತಾರೆ. ಇಷ್ಟವಾಯ್ತು, ತಗೊಂಡೆ. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ಹುಡುಕಿ ನಮ್ಮವರೇ ಸೋತಿದ್ದಾರೆ.

ಓಡಿಸೋದು ಮಾತ್ರ ಹುಷಾರಾಗಿಯೇ. ತರಬೇತಿ ಕ್ಲಾಸಿಗೆ ಹೋಗಿ ಕಲಿತಿದ್ದೇನೆ. ಹೆಲ್ಮೆಟ್ ಇಬ್ಬರಿಗೂ ಕಡ್ಡಾಯ. ದೇವರ ದಯೆಯಿಂದ ಅಪಘಾತ ಅಂತ ಯಾವುದೂ ಆಗಿಲ್ಲ. ಆಗೋದೆಲ್ಲ ಇಂಥವೇ.

ನಾಲ್ಕನೇ ನಿಂಬೆಹಣ್ಣು

ಗಾಡಿ ಮನೆಗೆ ಬಂದ ವಾರವೇ ದೇವಸ್ಥಾನಕ್ಕೆ ವಾಹನ ಪೂಜೆಗೆ ತಗೊಂಡು ಹೋದೆವು. ಅರ್ಚಕರು ಮಂಗಳಾರತಿ ಮಾಡಿ, ಕುಂಕುಮ ಇಟ್ಟು, ರೂಢಿಯಂತೆ ನಾಲ್ಕು ನಿಂಬೆಹಣ್ಣು ಹಿಡಿದು ಬಗ್ಗಿದರು. ಮುಂದಿನ ಚಕ್ರಗಳಿಗೆ ಎರಡಿಟ್ಟರು. ಹಿಂದೆ ಹೋಗಿ ಒಂದಿಟ್ಟರು. ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ಗಾಡಿಗೆ ಒಂದು ಪ್ರದಕ್ಷಿಣೆ ಬಂದರು.

"ಅಮ್ಮಾ, ಇನ್ನೊಂದು ಚಕ್ರ?"

"ಇಲ್ಲ ಭಟ್ರೇ, ಮೂರೇ."

"ಸ್ಟೆಪ್ನಿ?"

"ಅದೂ ಇಲ್ಲ."

ಅರ್ಚಕರು ಸುತ್ತ ನೋಡಿದರು. ನಮ್ಮವರು ಗಾಡಿ ಹೊರಡುವ ಮೊದಲೇ ಹೆಲ್ಮೆಟ್ ಹಾಕಿಕೊಂಡು, ಅದರ ಪಟ್ಟಿಯನ್ನೂ ಬಿಗಿದುಕೊಂಡು, ಕೈ ಮುಗಿದು ನಿಂತಿದ್ದರು.

"ಪಕ್ಕದಲ್ಲಿ ಕೂರೋದು ಇವರಾ?"

"ಹೌದು."

ಅರ್ಚಕರು ನಾಲ್ಕನೇ ನಿಂಬೆಹಣ್ಣನ್ನು ನಮ್ಮವರ ಕೈಗಿಟ್ಟರು. "ಜೇಬಲ್ಲಿ ಇಟ್ಕೊಳ್ಳಿ ಸಾರ್."

ಹೆಬ್ಬೆಟ್ಟು

ಮೈಸೂರಿನಿಂದ ಅತ್ತೆ ಬಂದಿದ್ದರು. ಸೌತ್‌ಲೇಕ್‌ನಲ್ಲಿ ಬೇಕಾದವರ ಮನೆಯಲ್ಲಿ ಅರಿಶಿನ ಕುಂಕುಮ. ಕಾರು ತೆಗೆಯೋಣ ಅಂದರೆ ಬೇಡ ಅಂದರು. "ನೀನು ಓಡಿಸೋ ಆಟೋದಲ್ಲೇ ಹೋಗೋಣ ಕಣೇ."

ನನಗೆ ಭಯ ಇದ್ದದ್ದು ಸೀರೆಯದು. ಸೆರಗು ಗಾಳಿಗೆ ಹಾರಿ ಹಿಂದಿನ ಚಕ್ರಕ್ಕೆ ಸಿಕ್ಕರೆ ಕಥೆ ಮುಗಿಯಿತು. ಸೆರಗನ್ನು ಸುತ್ತಿ ಸಿಕ್ಕಿಸಿ, ಮೇಲೆ ನನ್ನ ದಪ್ಪ ಜಾಕೆಟ್ ಹಾಕಿ, ಕುತ್ತಿಗೆಯ ತನಕ ಜಿಪ್ ಎಳೆದೆ. ಹೆಲ್ಮೆಟ್‌ಗಾಗಿ ಮಲ್ಲಿಗೆ ಹೂವು ತೆಗೆಯಿರಿ ಅಂದದ್ದಕ್ಕೆ ಒಪ್ಪಲಿಲ್ಲ. ಹೂವಿನ ಮೇಲೆಯೇ ಹೆಲ್ಮೆಟ್ ಕೂತಿತು.

ಮೊದಲನೇ ಸಿಗ್ನಲ್‌ನಲ್ಲಿ ಪಿಕಪ್ ಟ್ರಕ್ಕಿನವನೊಬ್ಬ ಪಕ್ಕಕ್ಕೆ ಬಂದು ನಿಂತ. ಅತ್ತೆಯನ್ನು ನೋಡಿದ. ನಕ್ಕು ಹೆಬ್ಬೆಟ್ಟೆತ್ತಿ ತೋರಿಸಿದ.

ಅತ್ತೆಯ ಮುಖ ಕೆಂಪಾಯಿತು. "ಏನವನು? ಸೀರೆ ಉಟ್ಟವಳು ಅಂತ ನನ್ನನ್ನ ಹೆಬ್ಬೆಟ್ಟು ಅಂತಾನಾ? ನಾನು ಮಹಾರಾಣಿ ಕಾಲೇಜಲ್ಲಿ ಆ ಕಾಲದಲ್ಲೇ ಬಿ.ಎ. ಮಾಡಿದೀನಿ ಅಂತ ಹೇಳು ಅವನಿಗೆ!"

"ಅಯ್ಯೋ ಅತ್ತೆ, ಇಲ್ಲಿ ಹಂಗಂದ್ರೆ ಓದಿಲ್ಲ ಅಂತಲ್ಲ. ಚೆನ್ನಾಗಿದೀರಿ ಅಂತ."

ಅತ್ತೆ ಸೀಟಿನಲ್ಲಿ ನೆಟ್ಟಗೆ ಕೂತರು. ಆಮೇಲೆ ಅವನ ಕಡೆ ತಿರುಗಿ ಎರಡೂ ಹೆಬ್ಬೆಟ್ಟು ತೋರಿಸಿದರು.

ಸೀಮಂತದ ಸೀರೆ

ಹ್ಯೂಸ್ಟನ್‌ನಲ್ಲಿ ಗೆಳತಿಯ ತಂಗಿಗೆ ಸೀಮಂತ. ನಮ್ಮವರಿಗೆ ಆಫೀಸು, ನಾನೊಬ್ಬಳೇ ಹೊರಟೆ. ಮಳೆ ಇಲ್ಲ ಅಂತ ಫೋನಿನಲ್ಲಿ ನೋಡಿಕೊಂಡೇ ಹೊರಟದ್ದು. ಅದು ಹ್ಯೂಸ್ಟನ್ನಿನ ಮೋಡಕ್ಕೆ ಗೊತ್ತಿರಲಿಲ್ಲ.

ಊರು ಹತ್ತಿರ ಬರುತ್ತಿದ್ದ ಹಾಗೆ ಸುರಿಯಿತು. ಈ ಗಾಡಿಯ ಹಿಂದಿನ ಚಕ್ರ ಓಡೋದು ಲೇನಿನ ನಟ್ಟನಡುವೆ. ಎಲ್ಲ ಗಾಡಿಗಳ ಎಣ್ಣೆ ತೊಟ್ಟಿಕ್ಕಿರುವುದೂ ಅಲ್ಲೇ. ಮೊದಲ ಮಳೆಗೆ ಅದೆಲ್ಲ ಮೇಲೆ ಬರುತ್ತದೆ. ಹಿಂದಿನ ಚಕ್ರ ಒಂದು ಸಲ ಸೊಂಟ ಕುಣಿಸಿತು. ಬ್ರೇಕ್ ಒತ್ತಲಿಲ್ಲ. ಆಕ್ಸಿಲರೇಟರ್ ಮೇಲಿನ ಕಾಲು ಮೆಲ್ಲಗೆ ಎತ್ತಿ, ಸ್ಟಿಯರಿಂಗ್ ನೇರ ಹಿಡಿದು, ಮುಂದಿನ ಎಕ್ಸಿಟ್‌ನಲ್ಲಿ ಇಳಿದು, ಪೆಟ್ರೋಲ್ ಬಂಕಿನ ಚಾವಣಿ ಸೇರಿದ ಮೇಲೆಯೇ ಉಸಿರು ಬಿಟ್ಟದ್ದು.

ಮಳೆ ನಿಂತ ಮೇಲೆ ನೋಡುತ್ತೇನೆ, ಸೀಟಿನಲ್ಲಿ ನೀರು ಹೋಗಲು ತೂತಿದೆ, ನನ್ನ ಚೂಡಿದಾರಕ್ಕಿಲ್ಲ. ಬಟ್ಟೆಯ ಬ್ಯಾಗೂ ಹಿಂಡಿದರೆ ಒಂದು ಬಿಂದಿಗೆ. ಒಣಗಿದ್ದ ಒಂದೇ ವಸ್ತು ಅಂದರೆ, ಸೀಟಿನ ಹಿಂದಿನ ಡಬ್ಬದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿದ್ದ ಉಡುಗೊರೆ ಸೀರೆ.

ಬೇರೆ ದಾರಿ ಇರಲಿಲ್ಲ. ಸೀಮಂತದ ಮನೆ ಮುಟ್ಟಿದಾಗ, ತಾನೂ ಬೇರೆ ಊರಿನಿಂದ ಬಂದಿದ್ದ ಗೆಳತಿಯ ಹತ್ತಿರ ಹೆಚ್ಚಿಗೆ ಇದ್ದದ್ದು ಒಂದು ಬ್ಲೌಸ್ ಮಾತ್ರ, ಅದನ್ನೇ ಕೊಟ್ಟಳು. ಬಸುರಿಗೆ ತಂದ ಹಸಿರು ಸೀರೆ ಉಟ್ಟುಕೊಂಡು ಬಸುರಿಯ ಪಕ್ಕದಲ್ಲೇ ಕೂತೆ. ಅವಳಿಗೆ ಮಾತ್ರ ಗುಟ್ಟಾಗಿ ವಿಷಯ ಹೇಳಿದ್ದೆ.

ಆರತಿ ಎತ್ತಲು ಬಂದ ಹಿರಿಯರೊಬ್ಬರು ನನ್ನ ಸೆರಗು ಮುಟ್ಟಿ ನೋಡಿ, "ಎಷ್ಟು ಚೆನ್ನಾಗಿದೆಯಮ್ಮ ಸೀರೆ! ಯಾರು ಕೊಟ್ಟಿದ್ದು?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಬಸುರಿ ಹೇಳಿದಳು: "ಇನ್ನೂ ಕೊಟ್ಟಿಲ್ಲ ಆಂಟಿ."

ಹೊಸ ಮದುಮಗ

ಮಗಳು ಓದುವುದು ಆಸ್ಟಿನ್‌ನಲ್ಲಿ. ಅವಳನ್ನು ನೋಡಲು ಹೋದಾಗ ಗಾಡಿಯನ್ನು ಕೆರೆಯ ಹತ್ತಿರ ನಿಲ್ಲಿಸಿ ಇಬ್ಬರೂ ಊಟಕ್ಕೆ ಹೋದೆವು. ಬಾಗಿಲಿಲ್ಲದ ಗಾಡಿಯ ತೊಂದರೆ ಅಂದರೆ, ಯಾರು ಬೇಕಾದರೂ ಒಳಗೆ ಕೂರಬಹುದು. ವಾಪಸ್ ಬಂದಾಗ ಬಿಳಿ ಗೌನಿನ ಮದುಮಗಳು ನನ್ನ ಸೀಟಿನಲ್ಲಿದ್ದಳು. ಪಕ್ಕದಲ್ಲಿ ಕೋಟು ತೊಟ್ಟ ಮದುಮಗ. ಎದುರಿಗೆ ಫೋಟೋಗ್ರಾಫರ್.

"ಮ್ಯಾಮ್, ಸ್ವಲ್ಪ ಪಕ್ಕಕ್ಕೆ ಸರೀತೀರಾ? ನೀವು ಫೋಟೋದಲ್ಲಿ ಬರ್ತಿದೀರಿ," ಅಂದ ಅವನು ಇಂಗ್ಲಿಷಿನಲ್ಲಿ.

ಕೀ ಹಿಡಿದ ಕೈ ಹಿಂದಿಟ್ಟುಕೊಂಡು ಸರಿದೆ. "ಗಾಡಿ ಚೆನ್ನಾಗಿದೆ. ಯಾರದು?" ಅಂದೆ.

ಮದುಮಗ ಹೆಂಡತಿಯ ಹೆಗಲ ಮೇಲೆ ಕೈ ಹಾಕಿ, "ನಂದೇ!" ಅಂದ. ಆ ಹುಡುಗಿ ಅವನನ್ನು ಎಷ್ಟು ಹೆಮ್ಮೆಯಿಂದ ನೋಡಿದಳು ಅಂದರೆ, ನಾನು ಕೀಯನ್ನು ಮೆಲ್ಲಗೆ ಪರ್ಸಿನೊಳಗೆ ಇಳಿಬಿಟ್ಟೆ. ಅವರು ಹೋಗುವ ತನಕ ಬೆಂಚಿನ ಮೇಲೆ ಕೂತು ಕಾದೆವು.

"ಅಮ್ಮಾ, ವೈ ಡಿಡಂಟ್ ಯು ಟೆಲ್ ದೆಮ್?" ಮಗಳಿಗೆ ಸಿಟ್ಟು.

"ಇವತ್ತೇ ಮದುವೆ ಆಗಿದೆ ಕಣೇ. ಮೊದಲನೇ ದಿನವೇ ಸುಳ್ಳು ಸಿಕ್ಕಿಬೀಳಬಾರದು. ನಾಳೆಯಿಂದ ಹೆಂಗೂ ಬೀಳುತ್ತೆ."

ಲಾರಿ

ನಮ್ಮಿಬ್ಬರ ಹೆಲ್ಮೆಟ್ಟಿನಲ್ಲೂ ಮೈಕು, ಸ್ಪೀಕರು ಇವೆ. ಗಾಳಿಯ ಸದ್ದಿನಲ್ಲೂ ಮಾತಾಡಬಹುದು, ಫೋನಿಗೂ ಜೋಡಿಸಬಹುದು. ಒಂದು ಬೆಳಿಗ್ಗೆ ಅವರನ್ನು ಆಫೀಸಿಗೆ ಬಿಡಲು ಹೊರಟೆ. ಎಲ್‌ಬಿಜೆ ಫ್ರೀವೇ ಅನ್ನೋ ಹೆದ್ದಾರಿ ಹತ್ತುವಾಗಲೇ ಫೋನಿನಲ್ಲಿ ಅವರ ಮೀಟಿಂಗ್ ಶುರುವಾಯಿತು. "ನಾನು ಮ್ಯೂಟ್‌ನಲ್ಲಿದೀನಿ, ಬರೀ ಕೇಳಿಸ್ಕೊಳ್ಳೋದು," ಅಂದರು.

ನಮ್ಮ ಸೀಟು ಎಷ್ಟು ತಗ್ಗು ಅಂದರೆ, ಪಕ್ಕದಲ್ಲಿ ಲಾರಿ ಬಂದರೆ ಅದರ ಚಕ್ರ ನಮ್ಮ ತಲೆಯ ಸಮಕ್ಕಿರುತ್ತದೆ. ಅದರ ಡ್ರೈವರಿಗೆ ನಾವು ಕಾಣೋದೇ ಇಲ್ಲ. ಅವತ್ತು ಉದ್ದನೆಯದೊಂದು ಬಲಗಡೆ ಒತ್ತಿಕೊಂಡು ಬಂತು. ನಮ್ಮವರು ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂಗಿದರು.

"ಲಾರಿ! ಲಾರಿ! ಆ ಲಾರಿ ಪಕ್ಕ ಹೋಗ್ಬೇಡ ಕಣೇ! ಅದಕ್ಕೆ ಕಣ್ಣು ಕಾಣಲ್ಲ! ಯಾವಾಗ ಯಾವ ಕಡೆ ತಿರುಗುತ್ತೋ ದೇವರಿಗೂ ಗೊತ್ತಿಲ್ಲ! ದರಿದ್ರದ್ದು, ಮುಂದೆ ಹೋಗಿ ಸಾಯಲಿ ಬಿಡು!"

ನಾನು ವೇಗ ಇಳಿಸಿ ಅದನ್ನು ಮುಂದೆ ಬಿಟ್ಟೆ. ನಮ್ಮವರ ಕೈ ಮಾತ್ರ ಹೆಲ್ಮೆಟ್ಟಿನಿಂದ ಕೆಳಗೆ ಇಳಿಯಲಿಲ್ಲ.

"ರೀ, ಲಾರಿ ಹೋಯ್ತಲ್ಲ?"

"ಇಲ್ಲ," ಅಂದರು, ಬಹಳ ಸಣ್ಣ ದನಿಯಲ್ಲಿ. "ಇದಾರೆ."

ಅವರ ಮ್ಯಾನೇಜರ್ ಹೆಸರು ಲ್ಯಾರಿ. ನಮ್ಮ ಕಡೆಯವರೆಲ್ಲ ಲಾರಿ ಲಾರಿ ಅಂತ ಕರೆದು ಆತನೂ ಅದಕ್ಕೇ ಒಗ್ಗಿಹೋಗಿದ್ದ. ಹೆಲ್ಮೆಟ್ ಹಿಡಿದ ಕೈ ಗುಂಡಿಗೆ ತಗುಲಿ ಮ್ಯೂಟ್ ಬಿಟ್ಟುಹೋಗಿತ್ತು. ಮೊದಲನೇ ಲಾರಿಗೇ ಆತ "ಯೆಸ್, ಐ ಆಮ್ ಹಿಯರ್" ಅಂದಿದ್ದನಂತೆ. ಉಳಿದದ್ದನ್ನೆಲ್ಲ ಗಮನವಿಟ್ಟು ಕೇಳಿದ. ಆಮೇಲೆ, "ಇವರು ನನಗೇನೋ ತುರ್ತಾಗಿ ಹೇಳ್ತಿದ್ದಾರೆ. ಈ ಭಾಷೆ ಯಾರಿಗಾದ್ರೂ ಬರುತ್ತಾ?" ಅಂತ ಮೀಟಿಂಗಿನಲ್ಲೇ ಕೇಳಿದ.

ಬರುವವನು ಒಬ್ಬನಿದ್ದ, ಧಾರವಾಡದ ಹುಡುಗ. ಆ ಪುಣ್ಯಾತ್ಮ ತಣ್ಣಗೆ, "ಹೆಂಡತಿಗೆ ರಸ್ತೆ ಸುರಕ್ಷತೆ ಬಗ್ಗೆ ಹೇಳ್ತಿದ್ದಾರೆ," ಅಂತ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ. ಮ್ಯಾನೇಜರ್ ಮೆಚ್ಚಿಕೊಂಡ.

ಆಫೀಸು ಮುಟ್ಟಿದ ಮೇಲೆ ನಮ್ಮವರು ಥ್ಯಾಂಕ್ಸ್ ಹೇಳೋಣ ಅಂತ ಅವನ ಹತ್ತಿರ ಹೋದರೆ, ಅವನೇ ಎದ್ದು ಬಂದು, ಆ ಕಡೆ ಈ ಕಡೆ ನೋಡಿ, ಕಿವಿಯ ಹತ್ತಿರ ಹೇಳಿದನಂತೆ:

"ನೀವು ಅಂದದ್ದು ಖರೇ ಐತ್ರಿ ಸರ್. ನಾನೂ ಆ ಲಾರಿ ಬಾಜೂಕ ಹೋಗೂದ ಬಿಟ್ಟೇನ್ರಿ."