ಮೂರನೆಯ ವಿಷಲ್‌ಗಾಗಿ ನಡೆದ ಮಹಾಸಮರ

ಮೂರು ವಿಷಲ್‌ಗೆ ಅನ್ನ ಹದವಾಗಿ ನಾಲ್ಕನೆಯದಕ್ಕೆ ತಳ ಹಿಡಿಯುವಂತಹ ಈ ಕುಕ್ಕರ್‌ಯುಗದಲ್ಲಿ, ತೆಂಗಿನ ಗರಿಗಳೆಂಬ ಛತ್ರಚಾಮರಗಳಿಂದ ಸೇವಿತವಾದ ತಿಪಟೂರು ಪಟ್ಟಣದಲ್ಲಿ, ಶಂಖವಿಲ್ಲದೆಯೇ ಶಂಖನಾದಗೈದ ವೀರನೊಬ್ಬನಿದ್ದನು. ಎಲೌ ವಾಗ್ದೇವಿಯೇ, ನಿನ್ನ ವೀಣೆಯನ್ನು ಕ್ಷಣಕಾಲ ಗೋಡೆಗೊರಗಿಸು. ಮೂವತ್ತೆರಡು ವರ್ಷ ಬಸ್ಸುಗಳನ್ನು ನಿಲ್ಲಿಸಿ ಹೊರಡಿಸಿದ ನಿವೃತ್ತ ಕಂಡಕ್ಟರ್ ಕೆಂಚವೀರಯ್ಯನ ಸೀಟಿಯ ಕೀರ್ತಿಯನ್ನು ಹೇಳುವಷ್ಟು ಉಸಿರನ್ನು ನನಗೆ ದಯಪಾಲಿಸು.

ಆ ಪಟ್ಟಣಕ್ಕೆ ವರ್ಷಕ್ಕೊಮ್ಮೆ, ಯುಗಾದಿ ಕಳೆದ ಮೊದಲ ಭಾನುವಾರದ ಮಧ್ಯಾಹ್ನ, ಹಾಸ್ಯಗೀತೆಗಳ ಕರ್ತೃವೂ ಗಾಯಕನೂ ಆದ ಪಾತಲಿಂಗಯ್ಯನು ಹಾರ್ಮೋನಿಯಂ ಸಮೇತನಾಗಿ ದಯಮಾಡಿಸುವನು. ಸೊಳ್ಳೆಪರದೆಯ ತೂತನ್ನೂ ಮದುವೆಮನೆಯಲ್ಲಿ ಕಳೆದ ಚಪ್ಪಲಿಯನ್ನೂ ಹೊಸ ಅಳಿಯನ ಗೊರಕೆಯನ್ನೂ ಗೀತೆಯಾಗಿಸಿದ ಆ ಮಹಾನುಭಾವನನ್ನು ಲೋಕವು ಅರಿಯದು. ಅರಿತವರು ನಲವತ್ತಮೂರು ಮಂದಿ. ಆದರೆ ಅವರ ಭಕ್ತಿ ಎಂತಹುದೆಂದರೆ, ನಗೆಯ ಸಾಲು ಬರುವ ಮುನ್ನವೇ ನಕ್ಕು ಮುಗಿಸಿ, ಅದು ಬಂದಾಗ ಕಣ್ಣೊರೆಸಿಕೊಳ್ಳುತ್ತ ಗಂಭೀರವಾಗಿ ತಲೆಯಾಡಿಸುವರು.

ಆತನ ಗೀತಕಿರೀಟರತ್ನವಾದ ಕುಕ್ಕರ್ ಹಾಡಿಗೊಂದು ಸಂಪ್ರದಾಯವುಂಟು. ಮೊದಲೆರಡು ವಿಷಲ್‌ಗಳನ್ನು ತಾನೇ ಬಾಯಲ್ಲಿ ಹೊರಡಿಸಿ, ಹಾರ್ಮೋನಿಯಂ ನಿಲ್ಲಿಸಿ, ಪಾತಲಿಂಗಯ್ಯನು ಕಣ್ಮುಚ್ಚಿ ಕಾಯುವನು. ಮೂರನೆಯದು ಸಭೆಯಿಂದ ಬರಬೇಕು. ಅದು ಬಂದರೇ ಒಲೆ ಆರುವುದು, ಹಾಡು ಮುಂದೆ ಸಾಗುವುದು. ಒಂಬತ್ತು ವರ್ಷ ಆ ವಿಷಲ್ ಕೆಂಚವೀರಯ್ಯನದಾಗಿತ್ತು. ನಿವೃತ್ತನಾದ ಬಳಿಕ ಆತನ ಸೀಟಿಗಾಗಿ ಕಾಯುವ ಜೀವ ಭೂಮಂಡಲದಲ್ಲಿ ಬೇರೊಂದಿರಲಿಲ್ಲ. ಆದರೆ ಹೋದ ವರ್ಷ ಆತ ಹರ್ನಿಯಾ ಆಪರೇಷನ್ನಿಗೆ ಮಲಗಿದ್ದಾಗ, ನಿವೃತ್ತ ಪಿ.ಟಿ. ಟೀಚರ್ ಸರ್ವಮಂಗಳಮ್ಮ ಎಂಬ ವೀರಾಂಗನೆಯು ಆ ಕಾರ್ಯವನ್ನು ನೆರವೇರಿಸಿದಳು. ಈ ಸಲದ್ದು ಇನ್ನೂ ಖಡಕ್ಕಾಗಿತ್ತೆಂದು ಭಕ್ತರು ಆಡಿಕೊಂಡ ಮಾತು ಆಸ್ಪತ್ರೆಯ ಹಾಸಿಗೆಯನ್ನೂ ತಲುಪಿ, ಹೊಲಿಗೆಗಿಂತ ಹೆಚ್ಚಾಗಿ ನೋಯಿಸಿತು.

ಈ ವರ್ಷ ಆತ ಹಿತ್ತಾಳೆಯ ಸೀಟಿಯನ್ನು ಹುಣಸೆಹಣ್ಣಿನಿಂದ ಬೆಳಗಿ, ಒಂದು ಗಂಟೆ ಮೊದಲೇ ಸಭಾಂಗಣವನ್ನು ಹೊಕ್ಕನು. ಹೊಕ್ಕು ನೋಡಿದರೆ, ಮುಂದಿನ ಸಾಲಿನ ನಡುವಣ ಕುರ್ಚಿಯಲ್ಲಿ ಸರ್ವಮಂಗಳಮ್ಮ. ಕೊರಳಲ್ಲಿ ಹಸಿರು ದಾರ, ದಾರದಲ್ಲಿ ಉಕ್ಕಿನ ಸೀಟಿ. ಆಗ ಆ ಪ್ರಯಾಣಿಕಸಮೂಹನಿಯಾಮಕನು, ಫುಟ್‌ಬೋರ್ಡ್‌ವಿಹಾರಿಯು, ಜಾತ್ರಾಸಮಯಸ್ಥಿತಪ್ರಜ್ಞನು ಎದೆಯುಬ್ಬಿಸಿ ನುಡಿದನು:

"ಎಂಬತ್ತು ಜನ ತುಂಬಿದ ಬಸ್ಸು ನನ್ನ ಒಂದೇ ಸೀಟಿಗೆ ನಿಂತದ್ದುಂಟು ಮೇಡಂ. ಆ ಕುರ್ಚಿ ಬಿಡಿ."

ಅದಕ್ಕೆ ಆ ಬಾಲವಾನರದಮನಿಯು ಕತ್ತೆತ್ತದೆಯೇ ಉತ್ತರಿಸಿದಳು: "ನಿಮ್ಮ ಬಸ್ಸಿಗೆ ಬ್ರೇಕ್ ಇತ್ತು ವೀರಯ್ಯನೋರೇ. ನಾನು ನಿಲ್ಲಿಸಿದ್ದು ಏಳನೇ ಕ್ಲಾಸಿನ ಹುಡುಗರನ್ನ." ಬಳಿಕ ಪಕ್ಕದ ಕುರ್ಚಿಯಿಂದ ತನ್ನ ಚೀಲವನ್ನು ತೆಗೆದು, "ಇಲ್ಲಿ ಕೂತ್ಕೊಳಿ. ಕುಯ್ದ ಹೊಟ್ಟೆ, ನಿಂತಿರಬೇಡಿ" ಎಂದಳು.

ಕುರ್ಚಿಯನ್ನು ಒಪ್ಪಿ ಸಂಧಿಯನ್ನು ಒಪ್ಪದೆ, ಆತ ಕುಳಿತನು.

ಗೊರಕೆಯ ಹಾಡು ಮುಗಿಯಿತು, ಚಪ್ಪಲಿಯ ಹಾಡು ಮುಗಿಯಿತು. ಕುಕ್ಕರ್ ಒಲೆಯೇರಿತು. ಮೊದಲ ವಿಷಲ್‌ಗೆ ನಲವತ್ತಮೂರು ಉಸಿರುಗಳು ನಿಂತವು. ಎರಡನೆಯದಕ್ಕೆ ಫ್ಯಾನೂ ನಿಧಾನವಾದಂತೆ ತೋರಿತು. ಹಾರ್ಮೋನಿಯಂ ಮೌನವಾಯಿತು, ಪಾತಲಿಂಗಯ್ಯನು ಕಣ್ಮುಚ್ಚಿದನು, ಹಿತ್ತಾಳೆಯೂ ಉಕ್ಕೂ ಒಮ್ಮೆಲೇ ತುಟಿಗೇರಿದವು.

ಸರ್ವಮಂಗಳಮ್ಮನದು ಒಂದೇ ನೀಳನಾದ. ಅದು ಕಿವಿಗೆ ಬಿದ್ದದ್ದೇ ತಡ, ಸಭೆಯಲ್ಲಿದ್ದ ಆಕೆಯ ಹಳೆಯ ಶಿಷ್ಯರು, ವಕೀಲನೆನ್ನದೆ ಮೆಡಿಕಲ್ ಸ್ಟೋರಿನ ಮಾಲೀಕನೆನ್ನದೆ ಹನ್ನೊಂದು ಮಂದಿ, ಕೈಗಳನ್ನು ಪಕ್ಕಕ್ಕಿಳಿಸಿ ನೆಟ್ಟಗೆ ಎದ್ದು ನಿಂತರು. ಕೆಂಚವೀರಯ್ಯನದೂ ಒಂದೇ ಆಗಿದ್ದಿತು, ನಿರ್ದೋಷವಾಗಿದ್ದಿತು. ಆದರೆ ಒಂದು ಸೀಟಿಗೆ ಬಸ್ಸು ನಿಂತರೆ ಎರಡು ಸೀಟಿಗೆ ಹೊರಡಬೇಕು. ಮೂವತ್ತೆರಡು ವರ್ಷಗಳ ಅಭ್ಯಾಸವು ಒಡೆಯನ ಅಪ್ಪಣೆಗೆ ಕಾಯಲಿಲ್ಲ. ತುಟಿಗಳು ತಾವಾಗಿಯೇ ಮತ್ತೆರಡು ಬಾರಿ ಊದಿ, ಬಸ್ಸನ್ನು ಹೊರಡಿಸಿಬಿಟ್ಟವು.

ಪಾತಲಿಂಗಯ್ಯನು ಕಣ್ತೆರೆದು, ಬೆರಳು ಮಡಿಚಿ ಎಣಿಸಿ ಹೇಳಿದನು: "ಆರಾಯ್ತು. ಅನ್ನ ಹೋಯ್ತು ಬಿಡ್ರಪ್ಪಾ. ಸೊಳ್ಳೆಪರದೆ ಹಾಡ್ತೀನಿ, ಕೂತ್ಕೊಳಿ."

ಟೀಚರು ತಲೆಯಾಡಿಸುವವರೆಗೆ ಶಿಷ್ಯರು ಕೂರಲಿಲ್ಲ. ಕೆಂಚವೀರಯ್ಯನು ಸೀಟಿಯನ್ನು ಜೇಬಿಗಿಳಿಸಿ, ಈ ಜನ್ಮದಲ್ಲಿ ಅದನ್ನು ಹೊರತೆಗೆಯೆನೆಂದು ಮನಸ್ಸಿನಲ್ಲೇ ಶಪಥಗೈದನು. ಸೊಳ್ಳೆಪರದೆಗೆ ಎಲ್ಲರೂ ನಕ್ಕರು, ಆತನೊಬ್ಬ ನಗಲಿಲ್ಲ.

ಆ ಶಪಥವು ಮುಕ್ಕಾಲು ಗಂಟೆ ಬಾಳಿತು. ಕಚೇರಿ ಮುಗಿದು, ಹಾರ್ಮೋನಿಯಮನ್ನು ತಬ್ಬಿಕೊಂಡು ಪಾತಲಿಂಗಯ್ಯನು ಆಟೋ ಏರಿದ್ದನು. ಓಣಿಯೋ ಇಕ್ಕಟ್ಟು, ಆಟೋ ಹಿಂದಕ್ಕೆ ಬಂದೇ ತಿರುಗಬೇಕು, ಹಿಂದೆ ಬಾಯ್ದೆರೆದ ಚರಂಡಿ. ಭಕ್ತರಲ್ಲಿ ಒಬ್ಬ ಎಡಕ್ಕೆನ್ನುವನು, ಒಬ್ಬ ಬಲಕ್ಕೆನ್ನುವನು. ಡ್ರೈವರು ಹ್ಯಾಂಡಲ್ ಬಿಟ್ಟು ಆಕಾಶವನ್ನು ನೋಡುತ್ತಿದ್ದನು. ಸರ್ವಮಂಗಳಮ್ಮ ಒಮ್ಮೆ ಊದಿದಳು. ಭಕ್ತರೆಲ್ಲ ಗೋಡೆಗಂಟಿ ಸಾಲಾದರು.

"ಇನ್ನೇನು ನೋಡ್ತಿದೀರಿ ಕಂಡಕ್ಟ್ರೇ," ಎಂದಳು ಆಕೆ, "ಇದು ನಿಮ್ಮದು."

ಆಟೋದೊಳಗೆ ಪಾತಲಿಂಗಯ್ಯನು ಕಣ್ಮುಚ್ಚಿ ಕಾಯುತ್ತಿದ್ದನು.

ಕೆಂಚವೀರಯ್ಯನ ಕೈ ಜೇಬಿಗೆ ಹೋಯಿತು. ಕೈಸನ್ನೆಯಿಂದ ಕರೆದು, ಚರಂಡಿಯ ಅಂಚಿಗೆ ಒಂದು ಗೇಣು ಉಳಿದಾಗ ಒಂದು ಸೀಟಿ. ಚಕ್ರ ತಿರುಗಿದ ಮೇಲೆ ಎರಡು. ಇಂತು ವೀರದ್ವಯದ ಭುಜಬಲದಿಂದ, ನಲವತ್ತೊಂದು ಮಂದಿಯ ಜಯಘೋಷದ ನಡುವೆ, ಮೂರು ಚಕ್ರದ ಆಟೋ ಹನ್ನೆರಡು ಅಡಿ ಹಿಂದಕ್ಕೆ ಬಂದು, ತಿರುಗಿಕೊಂಡು, ಹೋಯಿತು.